ಕಾಯುವವರು ಇಬ್ಬರು

ಕಾಯುವುದು ನಮ್ಮ ಸೀಮೆಯ ಜನಕ್ಕೆ ಹೊಸ ವಿದ್ಯೆಯಲ್ಲ. ಮಳೆಗಾಗಿ ಕಾಯುತ್ತೇವೆ, ಕಾಲುವೆಯ ನೀರಿಗಾಗಿ ಕಾಯುತ್ತೇವೆ, ಹತ್ತಿಯ ಧಾರಣೆ ಏರಲೆಂದು ಕಾಯುತ್ತೇವೆ. ಬಸ್ಸಿಗಾಗಿ ಕಾಯುವುದನ್ನಂತೂ ಹೇಳುವುದೇ ಬೇಡ. ಲಿಂಗಸುಗೂರಿನಲ್ಲಿ ಹುಟ್ಟಿ, ಇಲ್ಲಿಯ ಮಕ್ಕಳಿಗೆ ಮೂವತ್ತು ವರ್ಷ ಗಣಿತ ಕಲಿಸಿ ನಿವೃತ್ತನಾದ ನನಗೆ ತಾಳ್ಮೆಯ ಪಾಠವನ್ನು ಯಾರೂ ಹೇಳಿಕೊಡಬೇಕಾಗಿಲ್ಲ ಎಂಬ ಸಣ್ಣದೊಂದು ಜಂಬವಿತ್ತು. ಈಚಿನ ಎರಡು ವರ್ಷಗಳಲ್ಲಿ ಆ ಜಂಬ ಮುರಿಯಿತು. ಈ ಸಲ ನಾನು ಕಾದದ್ದು ಮಳೆಗಲ್ಲ, ದಿಲ್ಲಿಯ ಕಚೇರಿಯೊಂದರಿಂದ ಬರಬೇಕಾಗಿದ್ದ ಒಂದು ಕಾಗದಕ್ಕೆ.

ನನ್ನ ಅಕ್ಕನ ಮಗ ಬೆಂಗಳೂರಿನಲ್ಲಿ ಎಂಜಿನಿಯರು. ಅವನೂ ಅವನ ಮೂವರು ಗೆಳೆಯರೂ ಕೂಡಿ ಒಂದು ಸಣ್ಣ ಕಂಪನಿ ಕಟ್ಟಿದ್ದಾರೆ. ಅವರು ತಯಾರಿಸಿದ ಉಪಕರಣ ಅಂಗೈಯಲ್ಲಿ ಹಿಡಿಸುವಷ್ಟು ಚಿಕ್ಕದು. ಎದೆಯ ಮೇಲೆ ಅಂಟಿಸಿಕೊಂಡರೆ ಹಗಲೂ ರಾತ್ರಿಯೂ ಹೃದಯದ ಬಡಿತವನ್ನು ಗುರುತು ಮಾಡಿಕೊಳ್ಳುತ್ತ ಹೋಗಿ, ತಾಳ ತಪ್ಪಿದಾಗ ವೈದ್ಯರ ಮೊಬೈಲಿಗೆ ಸುದ್ದಿ ಮುಟ್ಟಿಸುತ್ತದೆ. ಹೃದಯದ ವೈದ್ಯರನ್ನು ಕಾಣಲು ರಾಯಚೂರಿಗೋ ಕಲಬುರಗಿಗೋ ಓಡಬೇಕಾದ ನಮ್ಮಂಥ ಊರಿಗೆ ಇದು ವರವಲ್ಲವೆ? ಹಾಗೆಂದು ಅವನು ಹೇಳಿದ, ನಾನು ಒಪ್ಪಿದೆ. ನಿವೃತ್ತಿಯ ಹೊತ್ತಿಗೆ ಕೈಗೆ ಬಂದ ಹಣದ ಪೈಕಿ 3 ಲಕ್ಷ ರೂಪಾಯಿಗಳನ್ನು ಆ ಕಂಪನಿಯ ಷೇರಿನಲ್ಲಿ ಹಾಕಿದೆ. ಪರೋಪಕಾರದ ಬುದ್ಧಿಯಿಂದಲೇ ಹಾಕಿದೆನೆಂದು ಬರೆದರೆ ಸುಳ್ಳಾದೀತು. ಮಂಜೂರಾತಿ ಬಂದ ದಿನವೇ ದೊಡ್ಡ ಸಾಹುಕಾರರು ಹಣ ತರುವರೆಂದೂ, ನನ್ನ ಮೂರು ಲಕ್ಷ ಹದಿನೈದಾಗಬಹುದೆಂದೂ ಅವನು ಹೇಳಿದ್ದು ನನ್ನ ಕಿವಿಯಲ್ಲಿ ಚೆನ್ನಾಗಿಯೇ ಉಳಿದಿತ್ತು. ಮನೆಯ ಮಾಳಿಗೆ ಸೋರುತ್ತಿದೆ. ಮೊಮ್ಮಗಳು ಕಾಲೇಜಿಗೆ ಸೇರುವವಳಿದ್ದಾಳೆ. ಲೆಕ್ಕದ ಮಾಸ್ತರನಾದ ನಾನು ಈ ಲೆಕ್ಕವನ್ನು ಎಷ್ಟು ಸಲ ಮಾಡಿದೆನೋ ತಿಳಿಯದು.

ಈ ಮಂಜೂರಾತಿಯ ವಿಷಯ ವಾಚಕರಿಗೆ ಒಂದೆರಡು ಮಾತಿನಲ್ಲಿ ಹೇಳಬೇಕು. ನಮ್ಮಲ್ಲಿ 1940ರ ಔಷಧ ಕಾಯದೆ ಬಹುಕಾಲ ಗುಳಿಗೆ, ಸೂಜಿಮದ್ದುಗಳ ಕಡೆಗೇ ಹೆಚ್ಚಾಗಿ ನೋಡುತ್ತಿತ್ತು. ಉಪಕರಣಗಳಲ್ಲಿ ಕೆಲವೇ ಕೆಲವು ಅದರ ಕೈಗೆ ಸಿಗುತ್ತಿದ್ದವು. 2017ರಲ್ಲಿ ವೈದ್ಯಕೀಯ ಉಪಕರಣಗಳಿಗೇ ಬೇರೆ ನಿಯಮಗಳು ರಚನೆಯಾಗಿ, 2018ರ ಜನವರಿ 1ರಿಂದ ಜಾರಿಗೆ ಬಂದವು. 2020ರ ಏಪ್ರಿಲ್ 1ರಿಂದ ಎಲ್ಲ ಉಪಕರಣಗಳನ್ನೂ ಕಾಯದೆಯ ಒಳಗೆ ತಂದರು. ಅಪಾಯಕ್ಕೆ ತಕ್ಕಂತೆ ಎ, ಬಿ, ಸಿ, ಡಿ ಎಂದು ನಾಲ್ಕು ವರ್ಗ. ಗಾಯಕ್ಕಿಡುವ ಅರಳೆ ಮೊದಲನೆಯದರಲ್ಲಿ, ಜ್ವರ ನೋಡುವ ಥರ್ಮಾಮೀಟರು ಎರಡನೆಯದರಲ್ಲಿ, ಹೃದಯದೊಳಗೆ ಕೂರಿಸುವ ಕವಾಟ ಕೊನೆಯದರಲ್ಲಿ. ವರ್ಗ ಮೇಲೇರಿದಂತೆ ಜರಡಿಯ ಕಣ್ಣು ಸಣ್ಣದಾಗುತ್ತದೆ. ಕೆಳಗಿನ ಎರಡು ವರ್ಗಗಳ ತಯಾರಿಕೆಗೆ ರಾಜ್ಯದ ಅಧಿಕಾರಿಗಳು ಪರವಾನಗಿ ಕೊಡುತ್ತಾರೆ. ಮೇಲಿನ ಎರಡಕ್ಕೆ ದಿಲ್ಲಿಯ ಕೇಂದ್ರ ಸಂಸ್ಥೆಯ ಮುಂದೆ ನಿಲ್ಲಬೇಕು. ನನ್ನ ಸೋದರಳಿಯನ ಯಂತ್ರ ದಿಲ್ಲಿಗೆ ಹೋಗಬೇಕಾದದ್ದು; ಹೋಯಿತು. ನಾನು ಕಾಯತೊಡಗಿದೆ.

ಬೆಳಗಾಗೆದ್ದು ಮೊಬೈಲು ನೋಡುವುದು, ರಾತ್ರಿ ಮಲಗುವ ಮುನ್ನ ಮತ್ತೊಮ್ಮೆ ನೋಡುವುದು, ದೇವರ ಮುಂದೆ ದೀಪ ಹಚ್ಚುವಾಗ ‘ಮಂಜೂರಾತಿ ಸಿಗಲಿ’ ಎಂದು ಒಂದು ಮಾತು ಸೇರಿಸುವುದು, ಇವೆಲ್ಲ ಅಭ್ಯಾಸವಾಗಿಬಿಟ್ಟವು. ಕಡೆಗೆ ಏಪ್ರಿಲ್ ತಿಂಗಳ ಒಂದು ಬೆಳಿಗ್ಗೆ ಸೋದರಳಿಯ ಫೋನು ಮಾಡಿದ.

“ಮಾಮಾ, ಕಾಗದ ಬಂತು. ಬ್ಯಾಡ ಅಂದಿಲ್ಲ. ಆದ್ರ ಪ್ರಶ್ನೆ ಕೇಳ್ಯಾರ.”

“ಏನಂತ?”

“ಪರೀಕ್ಷೆ ಮಾಡಿದ್ದು ಬೆಂಗಳೂರಿನ ಆಸ್ಪತ್ರಿಯೊಳಗ, ತಂಪು ಕೋಣೆಯೊಳಗ. ಬಿಸಿಲು ಹೆಚ್ಚಿರೋ ಊರಾಗ, ಮೈ ಬೆವರಿದಾಗ ಇದು ಎದಿಗೆ ಸರಿಯಾಗಿ ಅಂಟಿರ್ತದೇನು, ಬಡಿತ ಸರಿಯಾಗಿ ಹಿಡಿತದೇನು ಅಂತ ಆಧಾರ ಬೇಕಂತ. ಮತ್ತ ಒಂದು ಬ್ಯಾಸಗಿ ಪರೀಕ್ಷೆ ಮಾಡಬೇಕಾಗ್ತದ.”

ನನಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ಇನ್ನೊಂದು ವರ್ಷ! ಕುರ್ಚಿಯಲ್ಲಿ ಕುಳಿತವರಿಗೆ ಕೆಲಸವಿಲ್ಲ, ತಪ್ಪು ಹುಡುಕುವುದೇ ಅವರ ಉದ್ಯೋಗ, ಹೊಸದನ್ನು ಮಾಡುವವರನ್ನು ಕಾಡಿಸುವುದೇ ಅವರಿಗೆ ಸುಖ ಎಂದೆಲ್ಲ ಬಾಯಿಗೆ ಬಂದಂತೆ ಅಂದೆ. ಅವನೂ ಎರಡು ಮಾತು ಸೇರಿಸಿದ. ಇಬ್ಬರೂ ಸಮಾಧಾನಪಟ್ಟುಕೊಂಡೆವು.

ಅದೇ ದಿನ ಸಂಜೆ ನಮ್ಮ ಮನೆಗೆ ಹಾಲು ಕೊಡುವ ಮುದುಕಿ ಬಂದಳು. ಎರಡು ಎಮ್ಮೆ ಸಾಕಿಕೊಂಡು, ಹಗಲೆಲ್ಲ ಹೊಲದಲ್ಲಿ ಕೂಲಿ ಮಾಡುವ ಜೀವ. ಒಂದು ವರ್ಷದಿಂದ ಅವಳಿಗೆ ಎದೆ ಹೊಡೆದುಕೊಳ್ಳುವ ತೊಂದರೆ. ಈ ಯಂತ್ರದ ಸುದ್ದಿಯನ್ನು ನಾನೇ ಹಿಂದೆ ಯಾವಾಗಲೋ ಉತ್ಸಾಹದಿಂದ ಅವಳಿಗೆ ಹೇಳಿದ್ದೆ. ಅವಳು ಅದನ್ನು ಮರೆತಿರಲಿಲ್ಲ.

“ಬಂತೇನ್ರಿ ಮಾಸ್ತರ್ರ, ನಿಮ್ಮ ಮಿಷಿನ್ನು?”

“ಇಲ್ಲವ್ವ, ಇನ್ನೂ ತಡ ಅದ.”

“ಬಂದ್ರ ಮದ್ಲು ನನಗ ಒಂದು ಹಚ್ರಿ. ರಾತ್ರಿ ಎದಿ ಡವಡವ ಅಂತದ.” ಹಾಲು ಅಳೆದು ಹಾಕುತ್ತ, ಸೆರಗಿನಿಂದ ಕೊರಳು ಒರೆಸಿಕೊಂಡು ಮತ್ತೆ ಕೇಳಿದಳು: “ಅಲ್ರೀ, ಹೊಲದಾಗ ಬಿಸಲಾಗ ಬೆವತ್ರ ಅದು ಕಳಚಿ ಬೀಳಂಗಿಲ್ಲೇನ್ರಿ?”

ನಾನು ಏನೂ ಹೇಳಲಾರದೆ ನಿಂತೆ. ಬೆಳಿಗ್ಗೆ ನಾನು ಬೈದು ಹಾಕಿದ ಅಧಿಕಾರಿ ಕೇಳಿದ್ದೂ ಇದೇ ಪ್ರಶ್ನೆ. ಬೇಸಗೆಯಲ್ಲಿ 40 ಡಿಗ್ರಿ ದಾಟುವ ಊರಿನಲ್ಲಿ ಎಪ್ಪತ್ತು ವರ್ಷ ಬೆವರಿದ ನನಗೆ ಎರಡು ವರ್ಷಗಳಲ್ಲಿ ಒಂದು ಸಲವಾದರೂ ಈ ಪ್ರಶ್ನೆ ಹೊಳೆದಿರಲಿಲ್ಲ. ಓದು ಬರಹ ಬಾರದ ಮುದುಕಿಗೆ ಒಂದು ಗಳಿಗೆಯಲ್ಲಿ ಹೊಳೆಯಿತು. ಕಾರಣ ಸ್ಪಷ್ಟವಾಗಿದೆ. ಅವಳು ಆ ಯಂತ್ರವನ್ನು ತನ್ನ ಎದೆಯ ಮೇಲೆ ಇಟ್ಟು ನೋಡಿದಳು. ನಾನು ನನ್ನ ಲೆಕ್ಕದ ಪುಸ್ತಕದಲ್ಲಿ ಇಟ್ಟು ನೋಡಿದ್ದೆ. ಕೆಟ್ಟು ನಿಂತ ಗಡಿಯಾರವನ್ನು ಕಣ್ಣಾರೆ ಕಂಡು ತಿಳಿಯಬಹುದು. ಇದು ಹಾಗಲ್ಲ. ಯಂತ್ರ ಸುಮ್ಮನಿದ್ದರೆ ಹೃದಯ ಸರಿಯಾಗಿದೆಯೆಂದು ಅವಳು ನಂಬುತ್ತಾಳೆ. ಬೆವರಿಗೆ ಅರ್ಧ ಕಳಚಿಕೊಂಡ ಯಂತ್ರವೂ ಸುಮ್ಮನೆಯೇ ಇರುತ್ತದೆ.

ಆ ರಾತ್ರಿ ನನ್ನನ್ನು ಕಾಡಿದ ಪ್ರಶ್ನೆಯನ್ನೇ ಇಲ್ಲಿ ವಾಚಕರ ಮುಂದಿಡುತ್ತಿದ್ದೇನೆ. ಇಂಥ ಕಡೆ ಹಣ ಹೂಡಿದವನು ಯಾವುದನ್ನು ಬಯಸಬಹುದು? ‘ಮಂಜೂರಾತಿ ಸಿಗಲಿ’ ಎಂಬ ಬಯಕೆ ನಿರ್ದೋಷವೆ?

ಹಣ ಹೂಡಿ ಕಾಯುವುದೇ ತಪ್ಪೆಂದು ನಾನು ಹೇಳಲಾರೆ. ನಮ್ಮ ತಾಲೂಕಿನ ಹಟ್ಟಿಯೇ ಅದಕ್ಕೆ ಸಾಕ್ಷಿ. ಅಲ್ಲಿ ಬಹು ಪ್ರಾಚೀನ ಕಾಲದಲ್ಲೇ ಚಿನ್ನ ತೋಡಿದ ಗುರುತುಗಳಿವೆ. ನಿಜಾಮರ ಆಳ್ವಿಕೆಯಲ್ಲಿ, ಕಳೆದ ಶತಮಾನದ ಮೊದಲ ದಶಕಗಳಲ್ಲಿ, ಪರದೇಶದ ಬಂಡವಾಳದ ಕಂಪನಿಯೊಂದು ಅಲ್ಲಿ ಗಣಿ ನಡೆಸಿ, ಕೊನೆಗೆ ಬಿಟ್ಟುಹೋಯಿತು. 1947ರಲ್ಲಿ ಹೈದರಾಬಾದ್ ಗೋಲ್ಡ್ ಮೈನ್ಸ್ ಎಂಬ ಕಂಪನಿ ಸ್ಥಾಪನೆಯಾಗಿ ಮತ್ತೆ ಕೆಲಸ ಹಿಡಿಯಿತು. 2001ರಲ್ಲಿ ಕೋಲಾರದ ಗಣಿ ಮುಚ್ಚಿತು, ಹಟ್ಟಿ ಉಳಿಯಿತು. ಎಲ್ಲೋ ದೂರದಲ್ಲಿ ಕುಳಿತು, ನೆಲದೊಳಗೆ ಚಿನ್ನವಿದ್ದೀತೆಂದು ನಂಬಿ ಹಣ ಹಾಕಿ ಕಾದವರು ಇಲ್ಲದಿದ್ದರೆ ಒಂದು ಗುದ್ದಲಿಯೂ ಏಳುತ್ತಿರಲಿಲ್ಲ. ಹಣಕ್ಕೆ ಧೈರ್ಯ ಬೇಕು. ಆ ಧೈರ್ಯಕ್ಕೆ ಪ್ರತಿಫಲ ಬೇಡುವುದು ಪಾಪವಲ್ಲ.

ಆದರೆ ಎರಡು ಕಾಯುವಿಕೆಗಳಲ್ಲಿ ಒಂದು ಭೇದವಿದೆ. ‘ಚಿನ್ನವಿರಲಿ’ ಎಂದು ಹೂಡಿಕೆದಾರ ಎಷ್ಟೇ ಹಂಬಲಿಸಿದರೂ ಬಂಡೆಗೆ ಅದು ಕೇಳಿಸುವುದಿಲ್ಲ. ಇದ್ದರೆ ಇದೆ, ಇಲ್ಲದಿದ್ದರೆ ಇಲ್ಲ. ಬಂಡೆಯನ್ನು ಒಲಿಸುವಂತಿಲ್ಲ, ಹೆದರಿಸುವಂತಿಲ್ಲ. ಮಂಜೂರಾತಿ ಹಾಗಲ್ಲ. ಅದನ್ನು ಕೊಡುವವನು ಮನುಷ್ಯ, ಅವನಿಗೆ ಕಿವಿಯಿದೆ. ನನ್ನಂಥ ಸಾವಿರ ಜನರ ಹಂಬಲ ಒಂದು ಕಡೆ ಸೇರಿದರೆ ಅದು ಬರೀ ಹಂಬಲವಾಗಿ ಉಳಿಯುವುದಿಲ್ಲ. ಫೋನಾಗುತ್ತದೆ, ಶಿಫಾರಸಾಗುತ್ತದೆ, ಪತ್ರಿಕೆಗಳಲ್ಲಿ ಟೀಕೆಯಾಗುತ್ತದೆ. ಚಿನ್ನದ ಆಸೆ ಬಂಡೆಯನ್ನು ಬದಲಿಸಲಾರದು. ಮಂಜೂರಾತಿಯ ಆಸೆ ಮಂಜೂರಾತಿಯನ್ನೇ ಬದಲಿಸಬಲ್ಲದು. ಯಂತ್ರವನ್ನು ಮಾತ್ರ ಬದಲಿಸಲಾರದು. ಅದು ಮೊದಲು ಹೇಗಿತ್ತೋ ಹಾಗೆಯೇ ಮುದುಕಿಯ ಎದೆಯ ಮೇಲೆ ಹೋಗಿ ಕೂರುತ್ತದೆ.

ಇದು ಬರಿಯ ತರ್ಕವಲ್ಲ. 1960ರ ಸೆಪ್ಟೆಂಬರಿನಲ್ಲಿ ಅಮೆರಿಕದ ಕಂಪನಿಯೊಂದು ಥಾಲಿಡೊಮೈಡ್ ಎಂಬ ನಿದ್ರೆಯ ಔಷಧಕ್ಕೆ ಅನುಮತಿ ಕೇಳಿತು. ಅದು ಯಂತ್ರವಲ್ಲ, ಮದ್ದು. ಆದರೆ ಬಾಗಿಲು ಒಂದೇ. ಆ ಅರ್ಜಿ ಕೆಲಸಕ್ಕೆ ಹೊಸದಾಗಿ ಸೇರಿದ್ದ ಫ್ರಾನ್ಸಿಸ್ ಕೆಲ್ಸಿ ಎಂಬ ವೈದ್ಯೆಯ ಮೇಜಿಗೆ ಬಂತು. ಯುರೋಪಿನಲ್ಲಿ ಔಷಧ ಆಗಲೇ ಮಾರಾಟದಲ್ಲಿತ್ತು. ಕಂಪನಿಯವರು ಮತ್ತೆ ಮತ್ತೆ ಬಂದರು, ಫೋನು ಮಾಡಿದರು, ಮೇಲಿನವರಿಗೆ ದೂರಿದರು. ಆಕೆ ಆಧಾರ ಸಾಲದೆಂದು ಮತ್ತೆ ಮತ್ತೆ ಪ್ರಶ್ನೆ ಕೇಳಿದಳು. ಅಷ್ಟರಲ್ಲಿ, ಆ ಗುಳಿಗೆ ನುಂಗಿದ ಗರ್ಭಿಣಿಯರಿಗೆ ಕೈಕಾಲು ಬೆಳೆಯದ ಮಕ್ಕಳು ಹುಟ್ಟುತ್ತಿವೆ ಎಂಬ ಸತ್ಯ ಯುರೋಪಿನಲ್ಲಿ ಹೊರಬಿತ್ತು. 1962ರ ಮಾರ್ಚಿನಲ್ಲಿ ಕಂಪನಿ ಅರ್ಜಿಯನ್ನು ಹಿಂದಕ್ಕೆ ಪಡೆಯಿತು. ಆ ಹದಿನೆಂಟು ತಿಂಗಳು ಆ ಕಂಪನಿಯ ಷೇರುದಾರರು ಏನು ಬಯಸುತ್ತಿದ್ದರು? ನಾನು ಬಯಸಿದ್ದನ್ನೇ. ಅವರೂ ಸಂಸಾರಸ್ಥರು, ಅವರ ಮಾಳಿಗೆಯೂ ಸೋರುತ್ತಿದ್ದಿರಬಹುದು. ಅವರ ಬಯಕೆ ಕೈಗೂಡಿದ್ದರೆ ಇನ್ನೆಷ್ಟು ಮನೆಗಳಲ್ಲಿ ಅಂಥ ಮಕ್ಕಳು ಹುಟ್ಟುತ್ತಿದ್ದವೋ!

ಉಪಕರಣಗಳ ಕಡೆಗೇ ಬರೋಣ. ಹೃದಯದ ಕೃತಕ ಕವಾಟದ ಎರಡು ಕಥೆಗಳಿವೆ. ಅಕ್ಕಪಕ್ಕ ಇಟ್ಟು ನೋಡತಕ್ಕವು. ಜ್ವರದಿಂದ ಕೆಟ್ಟ ಕವಾಟಕ್ಕೆ ಬದಲಾಗಿ, ವಾಲುವ ಬಿಲ್ಲೆಯೊಂದನ್ನು ಲೋಹದ ಚೌಕಟ್ಟಿನಲ್ಲಿ ಕೂರಿಸಿದ ಯಂತ್ರವದು. ಪ್ರತಿ ಬಡಿತಕ್ಕೆ ಬಿಲ್ಲೆ ತೆರೆದು ಮುಚ್ಚಬೇಕು. ವರ್ಷಕ್ಕೆ ಸುಮಾರು ನಾಲ್ಕು ಕೋಟಿ ಸಲ.

ಮೊದಲನೆಯದು ಅಮೆರಿಕದ ಬ್ಯೋರ್ಕ್–ಶೈಲಿ ಎಂಬ ಕವಾಟದ ಒಂದು ಹೊಸ ಮಾದರಿ. 1979ರಲ್ಲಿ ಅದಕ್ಕೆ ಅನುಮತಿ ಸಿಕ್ಕಿತು. 1986ರಲ್ಲಿ ಮಾರಾಟ ನಿಲ್ಲುವ ಹೊತ್ತಿಗೆ ಲೋಕದಲ್ಲೆಲ್ಲ ಸುಮಾರು 86,000 ಜನರ ಹೃದಯದಲ್ಲಿ ಅದು ಕುಳಿತಿತ್ತು. ಬಿಲ್ಲೆಯನ್ನು ಹಿಡಿದ ಲೋಹದ ಸಣ್ಣ ಕಂಬಿ ಕೆಲವರಲ್ಲಿ ಇದ್ದಕ್ಕಿದ್ದಂತೆ ಮುರಿಯುತ್ತಿತ್ತು. ನೂರಾರು ಕವಾಟಗಳು ಹಾಗೆ ಮುರಿದವು. ಮುರಿದವರಲ್ಲಿ ಹೆಚ್ಚಿನವರು ಉಳಿಯಲಿಲ್ಲ. ಉಳಿದ ಸಾವಿರಾರು ಜನ ತಮ್ಮ ಎದೆಯ ಟಿಕ್ ಟಿಕ್ ಸದ್ದನ್ನು ಕೇಳುತ್ತ, ಅದು ಯಾವಾಗ ನಿಂತೀತೋ ಎಂದು ಬದುಕಬೇಕಾಯಿತು. ಮಂಜೂರಾತಿ ಅಲ್ಲಿ ಸಿಕ್ಕಿತ್ತು ಎಂಬುದನ್ನು ಗಮನಿಸಬೇಕು. ಹಣ ಹಾಕಿದವರು ಆ ದಿನ ಸಿಹಿ ಹಂಚಿರಲೂಬಹುದು.

ಎರಡನೆಯದು ನಮ್ಮ ದೇಶದ್ದು. ತಿರುವನಂತಪುರದ ಶ್ರೀ ಚಿತ್ರಾ ಸಂಸ್ಥೆಯಲ್ಲಿ ಶಸ್ತ್ರವೈದ್ಯ ಎಂ. ಎಸ್. ವಲಿಯತ್ತಾನರೂ ಅವರ ಎಂಜಿನಿಯರುಗಳೂ ಬಡವರ ಕೈಗೆಟಕುವ ಕವಾಟವೊಂದನ್ನು ಮಾಡಲು ಎಪ್ಪತ್ತರ ದಶಕದ ಕೊನೆಯಲ್ಲಿ ಹೊರಟರು. ಮೊದಲಿನ ಮೂರು ಮಾದರಿಗಳು ಒಂದಾದ ಮೇಲೊಂದು ಸೋತವು. ಯಂತ್ರದ ಪರೀಕ್ಷೆಯಲ್ಲಿ ಸವೆದವು, ಮುರಿದವು; ಕುರಿಗಳ ಮೇಲಿನ ಪ್ರಯೋಗದಲ್ಲಿ ಸೋತವು. ಪ್ರತಿಸಲವೂ ಅವರು ಸೋಲನ್ನು ಸೋಲೆಂದೇ ಬರೆದಿಟ್ಟು ಮೊದಲಿನಿಂದ ಆರಂಭಿಸಿದರು. ನಾಲ್ಕನೆಯ ಮಾದರಿ ಗೆದ್ದಿತು. 1990ರ ಡಿಸೆಂಬರಿನಲ್ಲಿ ಮೊದಲ ಬಾರಿಗೆ ಮನುಷ್ಯನ ಹೃದಯದಲ್ಲಿ ಅದನ್ನು ಕೂರಿಸಿದರು. ಅನಂತರ ಚೆನ್ನೈಯ ಟಿಟಿಕೆ ಕಂಪನಿ ಅದನ್ನು ತಯಾರಿಸತೊಡಗಿತು. ಇಂದಿಗೆ ಒಂದು ಲಕ್ಷಕ್ಕೂ ಮಿಕ್ಕಿ ಜನರಿಗೆ ಆ ಕವಾಟ ಸಂದಿದೆ. ವಲಿಯತ್ತಾನರು ಮುಂದೆ ನಮ್ಮ ಮಣಿಪಾಲದ ವಿಶ್ವವಿದ್ಯಾಲಯದ ಮೊದಲ ಕುಲಪತಿಗಳಾದರು. 2024ರಲ್ಲಿ ಮಣಿಪಾಲದಲ್ಲೇ ತೀರಿಕೊಂಡರು.

ಮೂರು ಸಲ ಸೋಲುವುದಕ್ಕೆ ಅವರಿಗೆ ಅವಕಾಶ ಸಿಕ್ಕಿತು ಎಂಬುದೇ ಇಲ್ಲಿ ಮುಖ್ಯ. ಹಿಂದೆ ನಿಂತ ಹಣ ಸರ್ಕಾರದ್ದು. ಅದಕ್ಕೆ ಮಾರ್ಚಿ ಮೂವತ್ತೊಂದರ ಲೆಕ್ಕವಿತ್ತೇ ಹೊರತು, ಮುಂದಿನ ಮಾರ್ಚಿಯೊಳಗೆ ಐದು ಪಟ್ಟು ಆಗಬೇಕೆಂಬ ಹಟವಿರಲಿಲ್ಲ. ಖಾಸಗಿ ಹಣ ಹೀಗೆ ಕಾಯಲಾರದೆಂದು ನಾನು ಹೇಳುತ್ತಿಲ್ಲ. ಆದರೆ ಕಾಯಲಾರದ ಹಣ ಅಲ್ಲಿದ್ದಿದ್ದರೆ ಎರಡನೆಯ ಮಾದರಿಯ ಸೋಲನ್ನು ಯಾರಾದರೂ ‘ಸಣ್ಣದೊಂದು ಲೋಪ’ ಎಂದು ಬರೆದುಬಿಡುತ್ತಿದ್ದರೋ ಏನೋ.

ಇಷ್ಟು ಹೇಳಿದ ಮೇಲೆ ಇನ್ನೊಂದು ಪಕ್ಷವನ್ನೂ ಹೇಳದಿದ್ದರೆ ಅನ್ಯಾಯವಾದೀತು. ತಡವೂ ಕೊಲ್ಲುತ್ತದೆ. ಕಡತದಲ್ಲಿ ಕುಳಿತ ಒಳ್ಳೆಯ ಯಂತ್ರ ಯಾರನ್ನೂ ಉಳಿಸುವುದಿಲ್ಲ. ಬೇಡವೆಂದು ಬರೆದು ಕೈತೊಳೆದುಕೊಳ್ಳುವ ಅಧಿಕಾರಿಗೆ ಯಾರೂ ಲೆಕ್ಕ ಕೇಳುವುದಿಲ್ಲ. ಸಿಗದ ಚಿಕಿತ್ಸೆಯಿಂದ ಸತ್ತವರ ಹೆಸರು ಯಾವ ಕಡತಕ್ಕೂ ಏರುವುದಿಲ್ಲ. 1988ರ ಅಕ್ಟೋಬರಿನಲ್ಲಿ ಏಡ್ಸ್ ರೋಗಿಗಳೂ ಅವರ ಬಂಧುಮಿತ್ರರೂ ಅಮೆರಿಕದ ಔಷಧ ನಿಯಂತ್ರಣ ಕಚೇರಿಯನ್ನು ಮುತ್ತಿ, ಬೇಗ ಅನುಮತಿ ಕೊಡಿರೆಂದು ಕೂಗಿದರು. ಅವರು ಕೂಗಿದ್ದು ಸರಿಯಾಗಿಯೇ ಇತ್ತು. ಅವರ ಅವಸರಕ್ಕೂ ನನ್ನ ಅವಸರಕ್ಕೂ ಏನು ಅಂತರ? ಅವರು ತಮ್ಮ ಮೈಯನ್ನೇ ಪಣಕ್ಕಿಟ್ಟು ಕೇಳಿದರು. ನಾನು ಇನ್ನೊಬ್ಬರ ಮೈಯನ್ನು ಪಣಕ್ಕಿಟ್ಟು ಕೇಳುತ್ತಿದ್ದೆ. ಮಂಜೂರಾತಿಯ ಬಾಗಿಲಲ್ಲಿ ಕಾಯುವವರು ಇಬ್ಬರು. ಒಬ್ಬ ರೋಗಿ, ಒಬ್ಬ ಹೂಡಿಕೆದಾರ. ಇಬ್ಬರ ಬಾಯಲ್ಲೂ ಒಂದೇ ಮಾತು, ‘ಬೇಗ ಆಗಲಿ’ ಎಂದು. ಆದ್ದರಿಂದಲೇ ಎರಡನೆಯವನು ತಾನು ಮೊದಲನೆಯವನ ಪರವಾಗಿ ಮಾತಾಡುತ್ತಿದ್ದೇನೆಂದು ಸುಲಭವಾಗಿ ನಂಬಿಬಿಡುತ್ತಾನೆ. ನಾನೂ ನಂಬಿದ್ದೆ. ಮುದುಕಿಯ ಒಂದು ಪ್ರಶ್ನೆ ಬರುವ ತನಕ ಆ ನಂಬಿಕೆಗೆ ಏಟು ಬೀಳಲಿಲ್ಲ.

ಹಾಗಾದರೆ ಬಯಸಬೇಕಾದದ್ದು ಏನು? ನನಗೆ ತೋರಿದ ಉತ್ತರ ಸಣ್ಣದು. ‘ಮಂಜೂರಾತಿ ಸಿಗಲಿ’ ಎನ್ನುವ ಬದಲು ‘ನಿಜ ಗೊತ್ತಾಗಲಿ’ ಎನ್ನಬೇಕು. ನಿಜ ನಮ್ಮ ಕಡೆಗಿದ್ದರೆ ಬೇಗ ಗೊತ್ತಾಗಲಿ ಎಂದು ಒತ್ತಾಯಿಸುವ ಹಕ್ಕು ನಮಗಿದೆ. ಕಡತ ಧೂಳು ತಿನ್ನುತ್ತಿದ್ದರೆ ಜಗಳ ಮಾಡುವ ಹಕ್ಕೂ ಇದೆ. ಪ್ರಶ್ನೆಯನ್ನೇ ಕೇಳಬಾರದೆಂದು ಹೇಳುವ ಹಕ್ಕಿಲ್ಲ. ಇದಕ್ಕೆ ಪರೀಕ್ಷೆಯೂ ಒಂದಿದೆ: ಆ ಯಂತ್ರ ಯಾರ ಮೈಮೇಲೆ ಕೂರಬೇಕೋ ಅವರ ಎದುರಿಗೆ ನಿಂತು ನನ್ನ ಬಯಕೆಯನ್ನು ಬಾಯಿಬಿಟ್ಟು ಹೇಳಬಲ್ಲೆನೆ? ಹೇಳಲು ನಾಲಗೆ ತಡೆದರೆ ಆ ಬಯಕೆಯಲ್ಲಿ ದೋಷವಿದೆ. ಇನ್ನೊಂದು ಮಾತು: ಕಾಯುವ ಶಕ್ತಿಯಿಲ್ಲದ ಹಣವನ್ನು ಇಂಥ ಕಡೆ ಹಾಕಬಾರದು. ಸೋರುವ ಮಾಳಿಗೆಯ ಹಣವನ್ನು ನಾನು ಅಲ್ಲಿ ಹಾಕಿದ್ದೇ ನನ್ನ ಮೊದಲ ತಪ್ಪು. ಪ್ರತಿ ಮಳೆಗಾಲ ನನ್ನನ್ನು ಅವಸರಪಡಿಸಿತು. ಆ ಅವಸರವನ್ನು ನಾನು ಸೋದರಳಿಯನ ಮೇಲೆ ಹೊರಿಸಿದೆ. ಅವನು ಇನ್ನಾರ ಮೇಲೋ ಹೊರಿಸಿರಬೇಕು. ಕಡೆಗೆ ಅದನ್ನೆಲ್ಲ ಹೊರಬೇಕಾದವರು ಯಾರೆಂದು ಈಗ ತಿಳಿದಿದೆ.

ಮೂರು ಲಕ್ಷದ ಸಣ್ಣ ಆಸಾಮಿ ಏನು ಬಯಸಿದರೆ ಏನು ಬಂತು, ಲೋಕ ನಡೆಯುವುದು ಕೋಟಿ ಕೋಟಿ ಹಾಕಿದವರ ಮಾತಿನಂತೆ ಎಂದು ಯಾರಾದರೂ ನಗಬಹುದು. ನಾನೂ ಹಾಗೆಂದುಕೊಂಡು ಸಮಾಧಾನ ಮಾಡಿಕೊಳ್ಳಬಹುದಾಗಿತ್ತು. ಆದರೆ ಹಿಂದೆ ನಮ್ಮ ತಾಲೂಕಿಗೇ ಸೇರಿದ್ದ ಮಸ್ಕಿಯಲ್ಲಿ ಒಂದು ಬಂಡೆಯಿದೆ. 1915ರಲ್ಲಿ ಚಿನ್ನದ ಹುಡುಕಾಟದಲ್ಲಿದ್ದ ಬೀಡನ್ ಎಂಬ ಗಣಿ ಎಂಜಿನಿಯರ ಕಣ್ಣಿಗೆ ಅದು ಬಿತ್ತು. ಅದರ ಮೇಲಿದ್ದದ್ದು ಅಶೋಕನ ಶಾಸನ. ದೇವಾನಾಂಪ್ರಿಯನೆಂಬ ದೊರೆ ಅಶೋಕನೇ ಎಂದು ಹೆಸರು ಹಿಡಿದು ಹೇಳಿದ ಕಲ್ಲು. ಹುಡುಗರನ್ನು ಎಷ್ಟೋ ಸಲ ಅಲ್ಲಿಗೆ ಕರೆದುಕೊಂಡು ಹೋಗಿ, ಆ ಹೆಸರಿನ ಮಹತ್ವವನ್ನು ಹೇಳಿ ಕರೆತಂದಿದ್ದೇನೆ. ಶಾಸನದ ಉಳಿದ ಅರ್ಥದ ಕಡೆಗೆ ನನ್ನ ಗಮನ ಹೋದದ್ದು ಕಡಿಮೆ. ಧರ್ಮದಿಂದ ಸಿಗುವ ಉನ್ನತಿ ದೊಡ್ಡವರಿಗೆ ಮಾತ್ರ ಎಂದು ತಿಳಿಯಬಾರದು, ಸಣ್ಣವನೂ ಮನಸ್ಸಿಟ್ಟರೆ ಅದನ್ನು ಪಡೆಯಬಲ್ಲ ಎಂಬುದು ಅದರ ತಾತ್ಪರ್ಯ. ಸಣ್ಣವನಿಗೆ ಇದು ಧೈರ್ಯದ ಮಾತು. ಜೊತೆಗೆ ಅವನ ನೆಪವನ್ನು ಕಿತ್ತುಕೊಳ್ಳುವ ಮಾತೂ ಹೌದು.

ಮಾರನೆಯ ದಿನ ಸೋದರಳಿಯನಿಗೆ ನಾನೇ ಫೋನು ಮಾಡಿದೆ. “ಲೇ ತಮ್ಮಾ, ಬ್ಯಾಸಗಿ ಪರೀಕ್ಷೆ ಎಲ್ಲಿ ಮಾಡ್ತೀರಿ?” ಎಂದು ಕೇಳಿದೆ. ಇನ್ನೂ ಗೊತ್ತುಮಾಡಿಲ್ಲವೆಂದ. “ನಮ್ಮ ಕಡೆಗೇ ಬರ್ರಿ. ಇಲ್ಲಿಗಿಂತ ಬಿಸಿಲು ಎಲ್ಲಿ ಸಿಗತದ? ವೈದ್ಯರನ್ನ ಕೇಳಿ, ಕಾಯದೆ ಪ್ರಕಾರ ಏನೇನು ಮಾಡಬೇಕೋ ಅದನ್ನೆಲ್ಲ ಮಾಡ್ರಿ. ಬಿದ್ರ ಬಿತ್ತು ಅಂತ ಬರೀರಿ,” ಎಂದೆ. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, “ನಿಮ್ಮ ರೊಕ್ಕ, ಮಾಮಾ?” ಎಂದ. ರೊಕ್ಕದ ಚಿಂತೆ ನನಗಿಲ್ಲವೆಂದು ಹೇಳುವಷ್ಟು ದೊಡ್ಡವನು ನಾನಲ್ಲ. “ಅದು ಕಾಯ್ತದ,” ಎಂದಷ್ಟೇ ಹೇಳಿದೆ.

ಮಾಳಿಗೆ ಈ ವರ್ಷವೂ ಸೋರಿತು. ದೀಪ ಹಚ್ಚುವಾಗ ಹಳೆಯ ಮಾತು ಈಗಲೂ ಒಮ್ಮೊಮ್ಮೆ ನಾಲಗೆಯ ತುದಿಗೆ ಬರುತ್ತದೆ. ಅರ್ಧಕ್ಕೆ ತಡೆದು ತಿದ್ದಿಕೊಳ್ಳುತ್ತೇನೆ. ಹಾಲಿನ ಮುದುಕಿ ಮೊನ್ನೆ ಮತ್ತೆ ಕೇಳಿದಳು. ಇನ್ನೂ ನೋಡುತ್ತಿದ್ದಾರೆ ಎಂದೆ. ಅಷ್ಟರಲ್ಲಿ ಸುಮ್ಮನಿರಬಾರದು, ಕಲಬುರಗಿಯ ದೊಡ್ಡಾಸ್ಪತ್ರೆಗೆ ಹೋಗಿ ತೋರಿಸಿಕೊಂಡು ಬಾ ಎಂದೂ ಹೇಳಿದೆ. ಬಸ್ಸಿನ ಖರ್ಚಿಗೆಂದು ನಾನು ಕೊಟ್ಟ ಹಣವನ್ನು ಅವಳು ಹಾಲಿನ ಲೆಕ್ಕದಲ್ಲಿ ಮುರಿದುಕೊಳ್ಳುವುದಾದರೆ ಮಾತ್ರ ತೆಗೆದುಕೊಳ್ಳುವೆನೆಂದಳು. ಹಾಗೆಯೇ ಆಗಲಿ ಎಂದೆ.